ಸೇವಾಜ್ವರ ನಿದಾನ

ಅಥಾತಃ ಸೇವಾಜ್ವರಂ ವ್ಯಾಖ್ಯಾಸ್ಯಾಮಃ. ಅಮೆರಿಕದಲ್ಲಿ ಡಾಕ್ಟರಾಗಲು ಹೊರಟ ಹುಡುಗ ಹುಡುಗಿಯರಿಗೆ ಇಪ್ಪತ್ತರ ಆಸುಪಾಸಿನಲ್ಲಿ ತಗಲುವ ಈ ಜ್ವರವನ್ನು ಚರಕ ಸುಶ್ರುತರಿಬ್ಬರೂ ಹೇಳದೆ ಬಿಟ್ಟಿರುವುದರಿಂದ ಆ ಭಾರ ನಮ್ಮ ತಲೆಗೆ ಬಂದಿದೆ.

ರೋಗಕಾರಣ ಸ್ಪಷ್ಟ. ಅಲ್ಲಿನ ಮೆಡಿಕಲ್ ಕಾಲೇಜುಗಳ ಅರ್ಜಿಯಲ್ಲಿ ಅನುಭವಗಳಿಗೆಂದು 15 ಖಾನೆಗಳಿವೆ, ಒಂದೊಂದಕ್ಕೆ 700 ಅಕ್ಷರ. ಅತ್ಯಂತ ಅರ್ಥಪೂರ್ಣವೆನಿಸಿದ ಮೂರಕ್ಕೆ ಇನ್ನೂ 1,325 ಅಕ್ಷರಗಳ ಬೋನಸ್. ಖಾಲಿ ಖಾನೆ ಕಂಡಲ್ಲಿ ಮೈ ಬಿಸಿ. ‘ಲೋಕದ ದುಃಖ ಕಂಡು ಬರುವ ಬಿಸಿ ಅದು’ ಎಂಬುದು ಪೂರ್ವಪಕ್ಷ. ಸಲ್ಲದು. ದುಃಖ ಚಿಕಾಗೋದಲ್ಲೂ ಉಂಟು. ಅಲ್ಲಿಗೆ ಪಾಸ್‌ಪೋರ್ಟ್ ಬೇಡವಾದ್ದರಿಂದ ಅದು ಲೆಕ್ಕಕ್ಕಿಲ್ಲ. ಕನ್ನಡಿಗರ ಮಕ್ಕಳಿಗೂ ಈ ಜ್ವರ ವಿನಾಯಿತಿ ಕೊಟ್ಟಿಲ್ಲ. ಹಾಸನದ ಅಜ್ಜಿಯ ಬಿಪಿ ಎಷ್ಟೆಂದು ಕೇಳದ ಮೊಮ್ಮಗ ಗ್ವಾಟೆಮಾಲಾದ ಅಜ್ಜಿಯ ಬಿಪಿ ನೋಡಿ ಬರುತ್ತಾನೆ.

ಚಿಕಿತ್ಸೆ ಒಂದು ವಾರದ ಸೇವಾಯಾತ್ರೆ. ಸ್ಥಳ: ಗ್ವಾಟೆಮಾಲಾದ ಅಟಿಟ್ಲಾನ್ ಸರೋವರದ ದಂಡೆಯ ಒಂದು ಊರು, ಶಾಲೆಯ ಕೋಣೆ. ಬೆಂಚಿನ ಮೇಲೆ ಅಜ್ಜಿ, ಎದುರಿಗೆ ಇಸ್ತ್ರಿ ಮಡಿಕೆ ಇನ್ನೂ ಮಾಸದ ನೀಲಿ ಸ್ಕ್ರಬ್ಸ್ ತೊಟ್ಟ ಹುಡುಗ. ಅಜ್ಜಿ ಕಾಕ್‌ಚಿಕೆಲ್ ಭಾಷೆಯಲ್ಲಿ ಸೊಸೆಯಿಂದ ಶುರುಮಾಡಿ, ಜೋಳದ ಹೊಲ, ಬಾರದ ನಿದ್ದೆ, ಮೊಣಕಾಲುಗಳನ್ನು ಹಾದು ಎದೆಬಡಿತಕ್ಕೆ ಬರುತ್ತಾಳೆ. ಒಬ್ಬರು ಅದನ್ನು ಸ್ಪ್ಯಾನಿಷ್‌ಗೆ, ಇನ್ನೊಬ್ಬರು ಇಂಗ್ಲಿಷ್‌ಗೆ ದಾಟಿಸುವಷ್ಟರಲ್ಲಿ ಹೊಟ್ಟೆಯುರಿ ಒಂದೇ ಉಳಿದಿರುತ್ತದೆ. ಹುಡುಗ ಅಜ್ಜಿ ತೊಟ್ಟ ವೀಪಿಲ್ ಎಂಬ ಕಸೂತಿ ಕುಪ್ಪಸದ ತೋಳಿನ ಮೇಲೇ ಬಿಪಿ ಪಟ್ಟಿ ಸುತ್ತಿ ಗಾಳಿ ಹಾಕುತ್ತಾನೆ, ಬಿಡುತ್ತಾನೆ, ಮತ್ತೆ ಹಾಕುತ್ತಾನೆ. ಬಿಪಿ ಜಾಸ್ತಿಯೇ ಇದೆ. ಸೂರ್ಯ ಚಂದ್ರರ ಚಿತ್ರ ಬರೆದ ಪ್ಲಾಸ್ಟಿಕ್ ಚೀಲದಲ್ಲಿ ದಿನಕ್ಕೊಂದರಂತೆ 30 ಮಾತ್ರೆ ಕೈಸೇರುತ್ತವೆ. ಊರಿನ ಸೂಲಗಿತ್ತಿ ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡುತ್ತಾಳೆ. ಅವಳನ್ನು ಯಾರೂ ಏನೂ ಕೇಳುವುದಿಲ್ಲ. ಅವಳಿಗೆ ತರಬೇತಿ ಕೊಡುವ ಕಾರ್ಯಕ್ರಮ ಗುರುವಾರಕ್ಕಿದೆ.

31ನೆಯ ದಿನ ಅಜ್ಜಿ ಏನು ನುಂಗಬೇಕು? ಅರ್ಜಿಯಲ್ಲಿ ಅಂಥ ಖಾನೆ ಇಲ್ಲ.

ಮಕ್ಕಳಿಗೆ ಜಂತುಹುಳುವಿನ ಆಲ್ಬೆಂಡಜೋಲ್, 400 ಮಿಲಿಗ್ರಾಂ, ಒಂದೇ ಗುಳಿಗೆ. ಹುಳು ಸಾಯುತ್ತದೆ, ಔಷಧಿಗೆ ದೋಷವಿಲ್ಲ. ಕಕ್ಕಸು, ಶುದ್ಧ ನೀರು ಎರಡೂ ಇಲ್ಲದ ಕಡೆ ಅದರ ಸಂತತಿ ಮತ್ತೆ ಮಣ್ಣಿನಿಂದೆದ್ದು ಬರುತ್ತದೆ. ಹೀಗಾಗಿ ಮುಂದಿನ ವರ್ಷದ ತಂಡಕ್ಕೆ ಕೆಲಸದ ಬರವಿಲ್ಲ. ಆ ದೇಶದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಮಂದಿ ಪೌಷ್ಟಿಕತೆಯಿಲ್ಲದೆ ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ; ಅದಕ್ಕೆ ಕರಡಿಮರಿ ಆಕಾರದ ವಿಟಮಿನ್ ಮಿಠಾಯಿ.

ಇಲ್ಲಿ ಪ್ರತಿವಾದಿಯೊಬ್ಬನ ಪ್ರವೇಶ. 1968ರಲ್ಲಿ, ಮೆಕ್ಸಿಕೋಗೆ ಸೇವೆಗೆಂದು ಹೊರಟ ಅಮೆರಿಕದ ವಿದ್ಯಾರ್ಥಿಗಳನ್ನೇ ಎದುರಿಗೆ ಕೂರಿಸಿಕೊಂಡು, ಇವಾನ್ ಇಲಿಚ್ ಎಂಬ ಪಾದ್ರಿ ಅವರನ್ನು ಝಾಡಿಸಿಬಿಟ್ಟ. ನೋಡಲು ಬನ್ನಿ, ಕಲಿಯಲು ಬನ್ನಿ, ಸಹಾಯ ಮಾತ್ರ ಬೇಡ ಎಂಬುದು ಅವನ ವಾದದ ತಾತ್ಪರ್ಯ. ನೋಡುವುದು, ಕಲಿಯುವುದು ಎಂದರೆ ತಿಂಗಳುಗಟ್ಟಲೆ ಬಾಯಿ ಮುಚ್ಚಿ ಕೂರಬೇಕು, ರಜೆ ಅಷ್ಟಿಲ್ಲ. ವಾದ ಬಿದ್ದುಹೋಯಿತು.

ಉಪಶಮನ: ಸೀಟು ಸಿಕ್ಕಿದ ಪತ್ರ ಬಂದ ದಿನವೇ ಜ್ವರ ಇಳಿಯುತ್ತದೆ, ಮರುಕಳಿಸುವುದು ಅಪರೂಪ.

ಪಥ್ಯದ ವಿಷಯದಲ್ಲಿ ಮಾತ್ರ ಪಂಡಿತರಲ್ಲಿ ಒಮ್ಮತವಿಲ್ಲ. ಕೊನೆಯ ದಿನ ಪಕಾಯಾ ಜ್ವಾಲಾಮುಖಿ ಹತ್ತಿ, ಬಿಸಿ ಕಲ್ಲಿನ ಮೇಲೆ ಮಾರ್ಷ್‌ಮೆಲೋ ಸುಟ್ಟು ತಿನ್ನುವುದು ಸೇವೆಗೆ ವಿರುದ್ಧವೆಂದು ಕೆಲವರು. ನಮ್ಮ ಮತ ಬೇರೆ. ಅಂದು ಊರಿನ ಗೈಡ್ ಮುಂದೆ ನಡೆಯುತ್ತಾನೆ, ಹುಡುಗರು ಅವನು ಹೇಳಿದಲ್ಲಿ ಕಾಲಿಡುತ್ತಾರೆ, ಇಳಿದ ಮೇಲೆ ಅವನ ಕೂಲಿ ಎಣಿಸಿ ಕೊಡುತ್ತಾರೆ. ಇದನ್ನು ವಾರವಿಡೀ ವಿಸ್ತರಿಸಬಹುದು.