ಮಾರ್ಷಲ್ಲೂ ಮೈಕ್‌ಸೆಟ್ ಕಾಕಾನೂ

(ಹಲಗೇರಿಯ ಒಂದು ಸೌಂಡ್ ಸರ್ವಿಸ್ ಅಂಗಡಿ. ಗೋಡೆಗೆ ತೂಗುಹಾಕಿದ ಹಾರ್ನುಗಳು, ಮೇಜಿನ ಮೇಲೆ ಹೊಟ್ಟೆ ಬಿಚ್ಚಿದ ಅಹುಜಾ ಆಂಪ್ಲಿಫೈಯರು, ಅದರ ಮುಂದೆ ಬೆಸುಗೆ ಕಡ್ಡಿ ಹಿಡಿದ ರುದ್ರಪ್ಪ. ಎದುರಿನ ಸ್ಟೂಲಿನ ಮೇಲೆ ಆರ್ಕೆಸ್ಟ್ರಾದಲ್ಲಿ ಗಿಟಾರ್ ಬಾರಿಸುವ ಮಂಜುನಾಥ. ಪಕ್ಕದ ಚಹಾದಂಗಡಿಯಿಂದ ಗಿರಿಜವ್ವ ಆಗಾಗ ಇಣುಕುತ್ತಾಳೆ. ಮೂವರೂ ಕಲ್ಪಿತರು. ಅವರು ಜಗಳಾಡುವ ಆಂಪ್ಲಿಫೈಯರುಗಳು ಮಾತ್ರ ನಿಜವಾದವು.)

ಮಂಜುನಾಥ: ಕಾಕಾ, ಗಟ್ಟಿ ಮಾಡೀನ್ರಿ. ತಗೊಂಡ್ರ ಮಾರ್ಷಲ್ಲ ತಗೊಳ್ಳೂದು. ಗೋವಿನಜ್ವಾಳ ಮಾರಿದ ರೊಕ್ಕ ಅಪ್ಪನ ಕಡೆ ಐತಿ. ಅದು ಬಿತ್ತೂ ಬೀಜ ಆಗೂದರಾಗ ಆಂಪ್ಲಿಫೈಯರ್ ಆಗಬೇಕು.

ರುದ್ರಪ್ಪ: ಭೇಷ್. ದನಿ ಹೆಂಗೈತಿ ಅದರದು?

ಮಂಜುನಾಥ: ದನಿ ಇನ್ನಾ ಕೇಳಿಲ್ರಿ. ಫೋಟೊ ನೋಡೀನಿ.

ಗಿರಿಜವ್ವ: ಹಂಗಾರ ಫೋಟೊನ ತಗೋಳಪಾ. ರೊಕ್ಕಾನೂ ಉಳಿತೈತಿ, ಓಣಿ ಮಂದಿಗೆ ನಿದ್ದೀನೂ ಹತ್ತತೈತಿ.

ಮಂಜುನಾಥನನ್ನು ನೋಡಿ ನಗುವುದು ಸುಲಭ. ಆದರೆ ಗಿಟಾರ್ ಹಿಡಿದವರ ಲೋಕದಲ್ಲಿ ಅವನು ಒಂಟಿಯಲ್ಲ, ಅವನೇ ಬಹುಮತ. ಯಾವ ಆಂಪ್ಲಿಫೈಯರು ಮೇಲು, ಯಾವುದು ಕೀಳು ಎಂದು ವಾದಕರು ಹಚ್ಚುವ ಲೆಕ್ಕದಲ್ಲಿ ಕಿವಿಯ ಪಾಲು ಕಡಿಮೆ, ಕಣ್ಣಿನ ಪಾಲು ಹೆಚ್ಚು. ಪೆಟ್ಟಿಗೆಯ ಮುಂದೆ ಯಾರು ನಿಂತಿದ್ದರು ಎಂಬುದೇ ಪೆಟ್ಟಿಗೆಯ ದರ್ಜೆ. ದೊಡ್ಡವರ ಬೆನ್ನ ಹಿಂದೆ ನಿಂತದ್ದು ದೊಡ್ಡದಾಯಿತು. ಮದುವೆ, ಶಾಲೆ, ಚರ್ಚು, ಬಾಡಿಗೆ ಕೆಲಸಕ್ಕೆ ಹೋದದ್ದು ಎಷ್ಟೇ ಚೆನ್ನಾಗಿ ಹಾಡಿದರೂ ಕೂಲಿಯಾಳಾಗಿಯೇ ಉಳಿಯಿತು. ಮಾರ್ಷಲ್‌ನ ಹುಟ್ಟನ್ನೇ ನೋಡಿ. ಲಂಡನ್ನಿನ ಹ್ಯಾನ್‌ವೆಲ್‌ನಲ್ಲಿ ಡ್ರಮ್ ಅಂಗಡಿ ಇಟ್ಟಿದ್ದ ಜಿಮ್ ಮಾರ್ಷಲ್ 1962ರಲ್ಲಿ ತನ್ನ ಹುಡುಗರ ಕೈಯಲ್ಲಿ ಮಾಡಿಸಿದ ಮೊದಲ ಆಂಪ್ಲಿಫೈಯರು ಜೆಟಿಎಂ45. ಅಮೆರಿಕದ ಫೆಂಡರ್ ಕಂಪನಿಯ ಬಾಸ್‌ಮನ್ ಆಂಪ್ಲಿಫೈಯರನ್ನು ಮುಂದಿಟ್ಟುಕೊಂಡು, ಹೆಚ್ಚು ಕಡಿಮೆ ಅದೇ ಸರ್ಕ್ಯೂಟಿನಲ್ಲಿ ಕಟ್ಟಿದ್ದು. ಅಮೆರಿಕದಿಂದ ಬಂದ ಮಾಲು ಇಂಗ್ಲೆಂಡಿನ ಹುಡುಗರಿಗೆ ಎಟುಕದಷ್ಟು ದುಬಾರಿಯಾಗಿತ್ತು ಎಂಬುದೇ ಅದಕ್ಕೆ ಕಾರಣ. ಅಂದರೆ, ಮಂಜುನಾಥ ಊದುಬತ್ತಿ ಹಚ್ಚಲು ಹೊರಟಿರುವ ಹೆಸರು ಹುಟ್ಟಿದ್ದೇ ದೊಡ್ಡ ಹೆಸರಿಗೆ ಅಗ್ಗದ ಬದಲಿಯಾಗಿ. ಆಮೇಲೆ ಅದರ ಮುಂದೆ ರಾಕ್ ಗಿಟಾರಿನ ದೊಡ್ಡವರು ನಿಂತರು: ಪೀಟ್ ಟೌನ್‌ಶೆಂಡ್ ನಿಂತ, ಜಿಮಿ ಹೆಂಡ್ರಿಕ್ಸ್ ನಿಂತ. ಉಳಿದದ್ದು ಫೋಟೊದವರ ಕೆಲಸ.

ಮಂಜುನಾಥ: ಹೆಂಡ್ರಿಕ್ಸ್ ಏನು ಸುಮ್ಮನ ಹೋಗಿ ನಿಂತನೇನ್ರಿ ಕಾಕಾ? ಅವನಿಗೆ ಕಿವಿ ಇರಲಿಲ್ಲೇನು? ಚಲೋ ಇತ್ತು, ಅದಕ ನಿಂತ.

ರುದ್ರಪ್ಪ: ಚಲೋ ಇಲ್ಲ ಅಂತ ಯಾರಂದ್ರು ತಮ್ಮಾ? ಮಾರ್ಷಲ್ ಚಲೋನ ಐತಿ. ನಾ ಕೇಳಾಕತ್ತಿದ್ದು, ಅವರು ನಿಂತಿದ್ದೂ ಚಲೋ, ಅವರು ನಿಲ್ಲದೇ ಇದ್ದದ್ದು ಕೆಟ್ಟದ್ದು ಅನ್ನೂ ಲೆಕ್ಕ ಯಾವ ಸಾಲ್ಯಾಗ ಕಲಿಸ್ಯಾರ ಅಂತ. ಮತ್ತ ಒಂದು ಮಾತು. ಸ್ಟೇಜಿನ ಹಿಂದ ಗ್ವಾಡಿ ಕಟ್ಟಿದಂಗ ಡಬ್ಬಿ ಪೇರಿಸ್ತಾರಲಾ, ಎಷ್ಟೋ ಶೋದೊಳಗ ಅದರಾಗ ಅರ್ಧಕ್ಕರ್ಧ ಖಾಲಿ ಇರ್ತಾವು. ಸ್ಪೀಕರ್ ಇಲ್ಲ, ವೈರ್ ಇಲ್ಲ, ಬರೇ ಹೆಸರು. ನಾ ಅಂಥಾದ್ದು ಮಾಡಿದ್ರ ಜಾತ್ರಿ ಕಮಿಟಿಯವರು ಬಾಡಗಿ ಕೊಡ್ತಾರೇನು?

ಗಿರಿಜವ್ವ: ತುಂಬಿದ್ದಕ್ಕ ಕೊಡೂದಿಲ್ಲ, ಖಾಲಿಗೆ ಎಲ್ಲಿ ಕೊಟ್ಟಾರು?

ದೊಡ್ಡವರು ನಿಲ್ಲದ್ದೆಲ್ಲ ಕೆಟ್ಟದ್ದಲ್ಲ ಎಂಬ ಕಾಕಾನ ಮಾತಿಗೆ ಆಂಪ್ಲಿಫೈಯರು ಮಾಡುವ ಪೀವಿ ಕಂಪನಿಗಿಂತ ಗಟ್ಟಿ ಸಾಕ್ಷಿ ಸಿಗಲಿಕ್ಕಿಲ್ಲ. ಹಾರ್ಟ್ಲಿ ಪೀವಿ 1965ರಲ್ಲಿ ಅಮೆರಿಕದ ಮಿಸಿಸಿಪಿ ರಾಜ್ಯದ ಮೆರಿಡಿಯನ್ ಎಂಬ ಊರಿನಲ್ಲಿ ಕಂಪನಿ ತೆರೆದ. ದುಡಿದು ತಿನ್ನುವ ವಾದಕನ ಜೇಬಿಗೆ ಎಟುಕಬೇಕು, ವ್ಯಾನಿನಿಂದ ಬಿದ್ದರೂ ಸಂಜೆಗೆ ಹಾಡಬೇಕು. ಇಷ್ಟೇ ಅವನ ಗುರಿ. ಗುರಿ ಮುಟ್ಟಿದ, ಅದೇ ಅವನ ಹೆಸರಿಗೆ ಮುಳುವಾಯಿತು. ಸಿಕ್ಕಸಿಕ್ಕಲ್ಲಿ ಪೀವಿ ಇದ್ದುದರಿಂದ ಅದು ಕಲಿಯುವ ಹುಡುಗರ ಪೆಟ್ಟಿಗೆ ಎನಿಸಿತು. ಕಲಿತ ಮೇಲೆ ಬಿಡಬೇಕಾದದ್ದು ಎಂಬ ಅಭಿಪ್ರಾಯ ಅದಕ್ಕೆ ಅಂಟಿಕೊಂಡಿತು. 1992ರಲ್ಲಿ ಇದೇ ಕಂಪನಿ ರಾಕ್ ಗಿಟಾರ್ ವಾದಕ ಎಡ್ಡಿ ವ್ಯಾನ್ ಹೇಲನ್ ಜೊತೆ ಸೇರಿ 5150 ಎಂಬ ವಾಲ್ವ್ ಆಂಪ್ಲಿಫೈಯರು ತಂದಿತು. ಮೂಗು ಮುರಿದವರೆಲ್ಲ ಸಾಲುಗಟ್ಟಿದರು. 2004ರಲ್ಲಿ ಇಬ್ಬರ ಸಂಬಂಧ ಮುರಿದಾಗ 5150 ಎಂಬ ಹೆಸರು ವಾದಕನ ಜೊತೆ ಹೋಯಿತು, ಸರ್ಕ್ಯೂಟು ಕಂಪನಿಯಲ್ಲೇ ಉಳಿಯಿತು. ಅದಕ್ಕೆ 6505 ಎಂದು ಮರುನಾಮಕರಣವಾಯಿತು: 1965ರಿಂದ 2005, ನಲವತ್ತು ವರ್ಷದ ಗುರುತು. ಮೆಟಲ್ ಬಾರಿಸುವವರು ಅದನ್ನು ಬಿಡಲಿಲ್ಲ. ಹಾಗಿದ್ದರೆ ಕಿವಿಯೇ ಗೆದ್ದಿತಲ್ಲ ಎನ್ನಬಹುದು. ಗೆದ್ದಿತು ನಿಜ, ಆದರೆ ಕದ ತೆಗೆಸಿದ್ದು ಎಡ್ಡಿಯ ಹೆಸರು. ಆ ಕದದೊಳಗೆ ಹೋದದ್ದು ಆ ಒಂದೇ ಪೆಟ್ಟಿಗೆ. ಅದೇ ಕಂಪನಿಯ ಬ್ಯಾಂಡಿಟ್ ಎಂಬ ಆಂಪ್ಲಿಫೈಯರು ಇಂದಿಗೂ ಹೊರಗೆ ಜಗುಲಿಯ ಮೇಲೆ ಕೂತಿದೆ, ಏಕೆಂದರೆ ಅದರ ಮುಂದೆ ಅಂಥ ದೊಡ್ಡವರು ಯಾರೂ ನಿಲ್ಲಲಿಲ್ಲ.

ಮಂಜುನಾಥ: 5150 ವಾಲ್ವಿಂದರಿ ಕಾಕಾ! ಬ್ಯಾಂಡಿಟ್ ಟ್ರಾನ್ಸಿಸ್ಟರಿಂದು. ವಾಲ್ವ್ ಜೋರ್ ಕೊಟ್ರ ದನಿ ಮೆತ್ತಗ ಒಡೀತೈತಿ, ಬೆರಳಿಗೆ ತಕ್ಕಂಗ ಮಾತಾಡತೈತಿ. ಟ್ರಾನ್ಸಿಸ್ಟರ್ ಜೋರ್ ಕೊಟ್ರ ಕರಕರ ಅಂತೈತಿ. ಇದು ಫೋಟೊ ಮಾತಲ್ಲ, ವಿಜ್ಞಾನ.

ರುದ್ರಪ್ಪ: ಒಪ್ಪಿದೆ. ಸಿಗ್ನಲ್ಲಿನ ತುದಿ ಟ್ರಾನ್ಸಿಸ್ಟರ್ ಥಟ್ಟನ ಕತ್ತರಿಸ್ತೈತಿ, ವಾಲ್ವ್ ಸಾವಕಾಶ ಬಗ್ಗಿಸ್ತೈತಿ. ಆದರ ಎಲ್ಲಾರಿಗೂ ಒಡದ ದನೀನ ಬೇಕೇನು? ಬಿ.ಬಿ. ಕಿಂಗ್ ಅನ್ನೂ ಬ್ಲೂಸ್ ಅಜ್ಜ ವರ್ಷಗಟ್ಟಲೆ ಬಾರಿಸಿದ್ದು ಲ್ಯಾಬ್ ಸೀರೀಸ್ ಎಲ್5. ಅದರಾಗ ಒಂದೂ ವಾಲ್ವ್ ಇಲ್ಲ. ಡೈಮ್‌ಬ್ಯಾಗ್ ಡ್ಯಾರೆಲ್ ಅನ್ನೂ ಮೆಟಲ್ ಗಿಟಾರಿನಾವ ಹೆಸರಾಗಿದ್ದು ರ‍್ಯಾಂಡಲ್ ಮ್ಯಾಲೆ, ಅದೂ ಟ್ರಾನ್ಸಿಸ್ಟರ್, ಮತ್ತ ಅವನಿಗೆ ಬೇಕಾಗಿದ್ದು ಆ ಕರಕರಾನ. ನಿನ್ನ ಮೆಟಾಲಿಕಾ ತಂಡದವರು 2011ರ ಅಕ್ಟೋಬರ್ 30ಕ್ಕ ಬೆಂಗಳೂರು ಅರಮನಿ ಮೈದಾನದಾಗ ಬಾರಿಸಿದ್ರು ಅಂತ ಹತ್ತು ಸಲ ಹೇಳ್ತಿ. ಅವರ ಹೆಟ್‌ಫೀಲ್ಡ್ ಸ್ವಚ್ಛ ದನಿಗೆ ಬಹಳ ವರ್ಷ ನೆಚ್ಚಿದ್ದು ಜಪಾನಿನ ರೋಲ್ಯಾಂಡ್ ಜೆಸಿ-120. 1975ರ ಮಾಲು, ಅಪ್ಪಟ ಟ್ರಾನ್ಸಿಸ್ಟರ್.

ಮಂಜುನಾಥ: ಜೆಸಿದಾಗ ಡಿಸ್ಟಾರ್ಷನ್ ಚಲೋ ಇಲ್ಲ ಅಂತ ಎಲ್ಲಾರೂ ಅಂತಾರ್ರಿ.

ಗಿರಿಜವ್ವ: ಏ ಮಂಜ್ಯಾ, ನಮ್ಮ ಬ್ಯಾಡಗಿ ಮೆಣಸಿನಕಾಯಾಗ ಖಾರ ಕಡಿಮಿ. ಅದಕ ಯಾವನರ ಅದನ್ನ ಕಳಪಿ ಅಂದಾನೇನು? ಬಣ್ಣಕ್ಕಂತ ದೇಶದ ಮಂದಿ ಬಂದು ಒಯ್ತಾರ, 2011ರಾಗ ಜಿಐ ಸೈತ ಬಂತು. ಖಾರ ಬೇಕಂದವ ಗುಂಟೂರಿಂದ ತರ್ತಾನ. ಬಣ್ಣದ ಕಾಯಿಗೆ ಖಾರದ ಪರೀಕ್ಷೆ ಇಟ್ಟು ಫೇಲ್ ಮಾಡಿದ್ರ ತಪ್ಪು ಕಾಯೀದೋ, ಮಾಸ್ತರಂದೋ? ಮತ್ತ ನಮ್ಮ ಪ್ಯಾಟ್ಯಾಗ ಚೀಲದ ಮ್ಯಾಲಿನ ಹೆಸರು ಯಾರು ಓದ್ತಾರ? ಒಳಗ ಕೈ ಹಾಕಿ, ತಳದಾಗಿಂದ ಹಿಡಿ ತಗದು, ಕಾಯಿ ಮುರದು, ಬೀಜ ಉದುರಿಸಿ, ಮೂಸಿ, ಆಮ್ಯಾಲ ರೇಟ್ ಹಚ್ತಾರ.

ಗಿರಿಜವ್ವನ ವಾದಕ್ಕೆ ಸೇರಿಸುವಂಥದ್ದು ಸ್ವಲ್ಪ ಇದೆ. ಕ್ವೀನ್ ತಂಡದ ಬ್ರಿಯನ್ ಮೇ ಧ್ವನಿಮುದ್ರಣಗಳಲ್ಲಿ ಪಿಟೀಲು ಮೇಳದಂತೆ ಕೇಳಿಸುವ ಗಿಟಾರ್ ದನಿಗಳನ್ನು ತೆಗೆದದ್ದು, ಆ ತಂಡದ ಜಾನ್ ಡೀಕನ್ ಕಸದಲ್ಲಿ ಸಿಕ್ಕ ಸರ್ಕ್ಯೂಟ್ ಬೋರ್ಡಿನಿಂದ ಜೋಡಿಸಿದ ಒಂದು ಪುಟ್ಟ ಟ್ರಾನ್ಸಿಸ್ಟರ್ ಡಬ್ಬಿಯಿಂದ. ಹೆಸರೇ ಇಲ್ಲದ ಆ ಡಬ್ಬಿಗೆ ಕೊನೆಗೆ ಮಾಡಿದವನ ಹೆಸರೇ ಅಂಟಿ ‘ಡೀಕಿ’ ಆಯಿತು. ನಮ್ಮಲ್ಲಿಗೆ ಬಂದರೆ, ಬೆಂಗಳೂರಿನ ರಾಡೆಲ್ ಕಂಪನಿಯ ಎಲೆಕ್ಟ್ರಾನಿಕ್ ತಂಬೂರಿ ಎಷ್ಟೋ ಕಚೇರಿಗಳಲ್ಲಿ ಸಂಜೆಯಿಡೀ ಹಾಡುಗಾರರನ್ನು ಶ್ರುತಿಯಲ್ಲಿ ಹಿಡಿದಿಟ್ಟಿದೆ. ಮುಗಿದ ಮೇಲೆ ಹಾರ ಹಾಕಿಸಿಕೊಳ್ಳುವವರ ಸಾಲಿನಲ್ಲಿ ಅದಿಲ್ಲ. ಕೆಲಸ ಸರಿಯಾಗಿ ಮಾಡುವ ಯಂತ್ರ ಕಣ್ಣಿಗೆ ಬೀಳುವುದಿಲ್ಲ. ಕಣ್ಣಿಗೆ ಬೀಳದ್ದಕ್ಕೆ ಭಕ್ತರಿಲ್ಲ.

ಮಂಜುನಾಥ: ಹಂಗಾರ ನಿಮ್ಮ ಈ ಅಹುಜಾಕ್ಕ ಗಿಟಾರ್ ಹಚ್ಚಿಬಿಡ್ಲೇನ್ರಿ? ಅಗ್ಗ ಐತಿ, ಫೋಟೊದಾಗಿಲ್ಲ, ಭಕ್ತರಿಲ್ಲ. ನಿಮ್ಮ ಲೆಕ್ಕದಾಗ ಇದ ಎಲ್ಲಾದಕಿಂತ ದೊಡ್ಡದಾತು!

ರುದ್ರಪ್ಪ: ಹಚ್ಚಬ್ಯಾಡ ಮಾರಾಯಾ! ಕಡಿಮಿ ಬೆಲಿ ಕಟ್ಯಾರ ಅಂದಕೂಡ್ಲೆ ಎಲ್ಲಾ ಕೆಲಸಕ್ಕೂ ಬರತೈತಿ ಅಂತಲ್ಲ. ಅಹುಜಾ ದಿಲ್ಲಿ ಕಂಪನಿ, 1940ರಾಗ ಹುಟ್ಟಿದ್ದು. ಮಾತು, ಭಜನಿ, ಇಲೆಕ್ಷನ್ ಪ್ರಚಾರಕ್ಕ ಇದರ ಮುಂದ ನಿಲ್ಲೂವಂಥಾದ್ದು ಈ ಭಾಗದಾಗ ತೋರಿಸು ನೋಡೋಣ. ಹಿಂದ ನೋಡು, 100 ವೋಲ್ಟ್ ಲೈನಿನ ಟರ್ಮಿನಲ್ಲು. ಊರ ಈ ತುದಿಯಿಂದ ಆ ತುದಿಗೆ ಸಣ್ಣ ವೈರಿನಾಗ ಹಾರ್ನ್ ಓಡಿಸಬಹುದು. ಗಿಟಾರಿನ ಲೆಕ್ಕ ಬ್ಯಾರೆ. ಗಿಟಾರ್ ಆಂಪ್ಲಿಫೈಯರಿನ ಹನ್ನೆರಡು ಇಂಚಿನ ಸ್ಪೀಕರಿಗೆ ಟ್ವೀಟರ್ ಇರೂದಿಲ್ಲ. 5000 ಹರ್ಟ್ಸ್ ದಾಟಿದ್ರ ಅದರ ದನಿ ಇಳೀತೈತಿ. ಆ ಇಳಿಯೂದ ಡಿಸ್ಟಾರ್ಷನ್ನಿನ ಕಸ ಸೋಸ್ತೈತಿ. ನನ್ನ ಬಾಕ್ಸ್ ಏನೂ ಸೋಸೂದಿಲ್ಲ, ಇದ್ದದ್ದು ಇದ್ದಂಗ ಕಿವ್ಯಾಗ ಚುಚ್ಚತೈತಿ. ನಡುವ ಸ್ಪೀಕರಿನ ದನಿ ಅನುಕರಣಿ ಮಾಡೂ ಪೆಡಲ್ ಇದ್ರ ಆ ಮಾತು ಬ್ಯಾರೆ. ಆವಾಗ ನನ್ನ ಬಾಕ್ಸೂ ಗಿಟಾರಿಗೆ ಆದೀತು.

ಮಂಜುನಾಥ: ಮುಂದ ಮಾರೂವಾಗ? ಮಾರ್ಷಲ್ಲಿಗೆ ರೇಟ್ ಬರತೈತಿ. ಲೇನಿ, ಪೀವಿ ಯಾರು ಕೇಳ್ತಾರ?

ರುದ್ರಪ್ಪ: ಈಗ ಒಂದು ಖರೇ ಮಾತಾಡಿದಿ. ಮಾರೂವನಿಗೆ ಹೆಸರು ಬೇಕು. ನೀ ಮಾರೂವನೋ, ಕೊಳ್ಳೂವನೋ? ಹೆಸರಿಲ್ಲದ್ದಕ್ಕ ಸೆಕೆಂಡ್‌ಹ್ಯಾಂಡ್ ರೇಟ್ ಬೀಳತೈತಿ ಅಂದ್ರ ಕೊಳ್ಳೂವನಿಗೆ ಅದಕಿಂತ ಹಬ್ಬ ಏನೈತಿ? ಬ್ಲ್ಯಾಕ್ ಸಬ್ಬತ್‌ನ ಟೋನಿ ಅಯೋಮಿ ಲೇನಿ ಮ್ಯಾಲೆನ ಬಾರಿಸಿದ. ಅದು ಗೊತ್ತಿದ್ದವರು ಕಡಿಮಿ, ಅದಕ ರೇಟೂ ಕಡಿಮಿ. ಇನ್ನ ರಿಪೇರಿ. ನಿನ್ನ ವಾಲ್ವ್ ಇಎಲ್34 ಸುಟ್ಟಿತು ಅನ್ನು. ಅವನ್ನ ಮಾಡೂವವರು ಸ್ಲೊವಾಕಿಯಾ, ರಷ್ಯಾ, ಚೀನಾದಾಗ ಅದಾರ, ರಾಣೆಬೆನ್ನೂರಾಗಿಲ್ಲ. ನಮ್ಮ ಕಡೆ ಕರೆಂಟು ಒಮ್ಮೆ ಏರ್ತೈತಿ, ಒಮ್ಮೆ ಬೀಳತೈತಿ. ಜಾತ್ರಿ ರಾತ್ರಿ ಅದು ಕೈ ಕೊಟ್ರ ನೀ ಬ್ರಾಟಿಸ್ಲಾವಾಕ್ಕ ಫೋನ್ ಹಚ್ತಿಯೇನು?

ಮಂಜುನಾಥ: ನೂರು ವ್ಯಾಟಿಂದರ ಬೇಕ್ರಿ. ಐವತ್ತರದು ಕೇಳಸೂದಿಲ್ಲ.

ರುದ್ರಪ್ಪ: ವ್ಯಾಟ್ ಇಮ್ಮಡಿ ಮಾಡಿದ್ರ ಏರೂದು 3 ಡೆಸಿಬಲ್. ಕಿವಿಗೆ ಇಮ್ಮಡಿ ಅನ್ನಿಸಬೇಕಂದ್ರ ಹತ್ತು ಪಟ್ಟು ವ್ಯಾಟ್ ಬೇಕು. ಬಾಕ್ಸಿನ ಮ್ಯಾಲಿನ ಅಂಕಿ ಓದಿ ಮೋಸ ಹೋಗೂದು ಡಿಜೆ ಬಾಡಗಿ ತಗೊಳ್ಳೂ ಹುಡುಗರ ರೋಗ, ನಿನಗೂ ಹತ್ತೇತಿ.

ಈ ಜಗಳ ಮಾತಿನಲ್ಲಿ ತೀರುವಂಥದ್ದಲ್ಲ, ತೀರಿಸುವ ದಾರಿ ಬೇರೆ ಇದೆ. ಎರಡು ಆಂಪ್ಲಿಫೈಯರು ಪಕ್ಕಪಕ್ಕ ಇಡಬೇಕು, ಗಿಟಾರು ಒಂದೇ ಇರಬೇಕು, ದನಿಯ ಜೋರನ್ನು ಎರಡರಲ್ಲೂ ಸಮ ಮಾಡಬೇಕು. ಸಮ ಮಾಡದೆ ಹೋದರೆ ಪರೀಕ್ಷೆಯೇ ಕೆಟ್ಟಿತು, ಏಕೆಂದರೆ ತುಸು ಜೋರಾಗಿ ಕೇಳಿಸುವುದನ್ನು ನಮ್ಮ ಕಿವಿ ಸಾಮಾನ್ಯವಾಗಿ ಚೆನ್ನಾಗಿದೆ ಎಂದೇ ಒಪ್ಪುತ್ತದೆ. ಅಂಗಡಿಯವನು ತನಗೆ ಮಾರಬೇಕಾದ ಪೆಟ್ಟಿಗೆಯ ವಾಲ್ಯೂಮನ್ನು ಗೊತ್ತಾಗದಂತೆ ಒಂದು ಗೆರೆ ಏರಿಸಿಟ್ಟರೆ ವಾದ ಅಲ್ಲಿಗೇ ಮುಗಿಯುತ್ತದೆ. ಇಷ್ಟು ಮಾಡಿ, ಹೆಸರು ಮುಚ್ಚಿ, ಬೇರೊಬ್ಬರಿಂದ ಬಾರಿಸಿ, ಬೆನ್ನು ತಿರುಗಿಸಿ ಕೂತು ಕೇಳಿದ ಮೇಲೂ ಮಾರ್ಷಲ್ಲೇ ಬೇಕು ಅನ್ನಿಸಿದರೆ ಅದನ್ನೇ ಕೊಳ್ಳಲಿ. ಆಗ ಅದು ಕಿವಿಯ ತೀರ್ಪು, ಅದಕ್ಕೆ ಯಾರ ತಕರಾರೂ ಇಲ್ಲ.

ರುದ್ರಪ್ಪ: ಕೇಳಿದ್ಯಾ? ರಾಣೆಬೆನ್ನೂರಿನ ನಿನ್ನ ಗೆಳ್ಯಾನ ಕಡೆ ಹಳೇ ಪೀವಿ ಐತೆಂತಿ. ಇನ್ನೊಬ್ಬನ ಮಾರ್ಷಲ್ ಒಂದು ತಾಸಿನ ಮಟ್ಟಿಗೆ ಇಸಗೊಂಡು ಬಾ. ಎರಡಕ್ಕೂ ಮುಸುಕು ಹಾಕೂಣು.

ಗಿರಿಜವ್ವ: ನನ್ನ ಕೌದಿ ಕೊಡ್ತೀನಿ, ದಪ್ಪ ಐತಿ.

ರುದ್ರಪ್ಪ: ಕೌದಿ ಬ್ಯಾಡವಾ, ಚೂಪು ದನಿಯೆಲ್ಲಾ ಅದ ನುಂಗತೈತಿ. ತೆಳ್ಳನ್ನ ಧೋತ್ರ ಸಾಕು. ಏನಂತಿ ಮಂಜ್ಯಾ?

ಮಂಜುನಾಥ: ಆತ್ರಿ ಕಾಕಾ. ಕಣ್ಣ ಮುಚ್ಚಿ ಕೇಳ್ತೀನಿ, ಪೀವಿ ಗೆದ್ರ ಪೀವಿನ ತಗೊಳ್ತೀನಿ. ಆದರ ಆಮ್ಯಾಲ ಅದರ ಮ್ಯಾಲೆ ಮಾರ್ಷಲ್ ಅಂತ ಬರಸಿದ್ರ ತಪ್ಪೇನಿಲ್ಲಲ್ರಿ?

ರುದ್ರಪ್ಪ: ಬರಸಪಾ. ರೇಡಿಯಂ ಕಟಿಂಗ್ ಅಂಗಡ್ಯಾಗ ಎಂಥಾ ಹೆಸರೂ ಅಗ್ಗಕ್ಕ ಸಿಗತೈತಿ.