ಫಾರ್ಮ್ಯಾಟ್ ಹೊಡೀಬೇಕ್ರಿ ಕಾಕಾ

ಊರಿಗೊಬ್ಬ ಕಂಪ್ಯೂಟರ್ ಪಂಡಿತ ಇದ್ದೇ ಇರುತ್ತಾನೆ. ಯಾದಗಿರಿಯವನು ರೈಲು ಹತ್ತಿ ಹೈದರಾಬಾದಿಗೆ ಹೋಗಿ ಕಲಿತು ಬಂದವನು. ಸುರಪುರಕ್ಕೆ ರೈಲಿಲ್ಲ, ಅಲ್ಲಿಯವನು ಬಸ್ಸಿನಲ್ಲಿ ಬೆಂಗಳೂರು ಕಂಡವನು. ಶಹಾಪುರದವನು ಎಲ್ಲಿಗೂ ಹೋದವನಲ್ಲ, ಎಲ್ಲ ಬಲ್ಲವನು. ನನ್ನ ಪಾಲಿಗೆ ಬಂದವನು ಇವನೇ. ಕಿಸೆಯಲ್ಲಿ ಸ್ಕ್ರೂಡ್ರೈವರ್, ಬಾಯಲ್ಲಿ ಭರವಸೆ. ಎರಡು ಸಲ ಚಹಾ ಕುಡಿಯುತ್ತಾನೆ, ದುಡ್ಡು ಮಾತ್ರ ಮುಟ್ಟುವುದಿಲ್ಲ. ಅದೇ ತಾಪತ್ರಯ, ಬೈಯುವ ಹಾಗೂ ಇಲ್ಲ.

ಅಣ್ಣನ ಮಗಳ ಮದುವೆಯ ವಿಡಿಯೊ ಬಂದಿತ್ತು. ಸ್ಟುಡಿಯೊ ಹುಡುಗ ಡ್ರೋನ್ ಹಾರಿಸಿ, ಬುದ್ಧ ಮಲಗಿದ ಹಾಗೆ ಕಾಣುವ ನಮ್ಮೂರ ಬೆಟ್ಟದಿಂದಲೇ ಶುರು ಮಾಡಿದ್ದ. ನನ್ನ ಕಂಪ್ಯೂಟರಿನಲ್ಲಿ ಆ ಬುದ್ಧ ನಿದ್ದೆಯಲ್ಲೇ ಬೆಚ್ಚಿ ಬೆಚ್ಚಿ ಜಿಗಿದ. ಬಾಜಾ ಬಾರಿಸಿ ಮುಗಿದ ಮೇಲೆ ತಾಳಿ ಕಟ್ಟಿದರು. ಅಕ್ಕಿಕಾಳು ಗಾಳಿಯಲ್ಲೇ ನಿಂತವು.

ಪಂಡಿತ ಬಂದವನೇ ‘ನೆಟ್ ಸ್ಲೋ ಅದರೀ’ ಅಂದ. ಪೆನ್‌ಡ್ರೈವಿನಲ್ಲಿರೋ ವಿಡಿಯೊಗೆ ನೆಟ್ ಯಾಕಪ? ‘ಎಲ್ಲಾದಕ್ಕೂ ಬೇಕ್ರಿ ಕಾಕಾ.’ ಕೋಡೆಕ್ ಪ್ಯಾಕ್ ಹಾಕಿದ. ಅದರ ಬೆನ್ನಿಗೆ ಕರೆಯದ ಬೀಗರೆಲ್ಲ ಬಂದರು: ಬ್ರೌಸರಿಗೊಂದು ಟೂಲ್‌ಬಾರ್, ಮೂಲೆಯಲ್ಲಿ ಹವಾಮಾನ, ತಮ್ಮತಮ್ಮಲ್ಲೇ ಜಗಳಾಡುವ ಎರಡು ಆಂಟಿವೈರಸ್. ಇದ್ದ ವಿಎಲ್‌ಸಿ ತೆಗೆದು ಮತ್ತೆ ಅದನ್ನೇ ಹಾಕಿದ. ಗ್ರಾಫಿಕ್ಸ್ ಡ್ರೈವರ್ ಬದಲಿಸಿದ ಮೇಲೆ ಅಕ್ಷರಗಳು ಕನ್ನಡಕವಿಲ್ಲದೆ ಓದುವಷ್ಟು ದಪ್ಪವಾದವು, ಅದೊಂದು ಉಪಕಾರ. ಕೊನೆಗೆ ಡಬ್ಬಿ ಬಿಚ್ಚಿ ಫ್ಯಾನಿನ ಧೂಳು ಊದಿದ. ನಮ್ಮ ಮೇ ತಿಂಗಳ ಬಿಸಿಲು 40 ಡಿಗ್ರಿ ದಾಟುತ್ತದೆ. ಫ್ಯಾನು ಕಟ್ಟಿಕೊಂಡರೆ ಪ್ರೊಸೆಸರ್ ಜೀವ ಉಳಿಸಿಕೊಳ್ಳಲು ತಾನೇ ನಿಧಾನವಾಗುತ್ತದೆ. ನ್ಯಾಯ ಹೇಳಬೇಕು, ಆ ಕೆಲಸ ಸರಿಯಾಗಿಯೇ ಮಾಡಿದ; ಬುದ್ಧನ ಜಿಗಿತ ಒಂದಿಷ್ಟು ತಗ್ಗಿತು. ಅಲ್ಲಿಗೇ ಏಳಬಾರದಿತ್ತೆ? ‘ಫಾರ್ಮ್ಯಾಟ್ ಹೊಡೀಬೇಕ್ರಿ ಕಾಕಾ.’ ಹೊಡೆದ. ಹಳೆಯ ಫೋಟೊ, ಪಿಂಚಣಿ ಕಾಗದ ಎಲ್ಲ ಹೋದವು. ಬುದ್ಧ ಮಾತ್ರ ಹಾಗೇ ಇದ್ದ.

ಗುಟ್ಟು ಒಡೆದವನು ಸ್ಟುಡಿಯೊ ಹುಡುಗ, ಅದೂ ಫೋನಿನಲ್ಲೇ. ವಿಡಿಯೊ 4ಕೆ, ಅದನ್ನು ಒತ್ತಿ ಚಿಕ್ಕದು ಮಾಡಿದ್ದು ಎಚ್.265 ಪದ್ಧತಿಯಲ್ಲಿ. ಆ ಪದ್ಧತಿಗೆ ಒಪ್ಪಿಗೆ ಸಿಕ್ಕಿದ್ದು 2013ರಲ್ಲಿ, ನನ್ನ ಯಂತ್ರ 2012ರದು. ಫ್ರೇಮಿಗೆ 83 ಲಕ್ಷ ಚುಕ್ಕೆ, ಸೆಕೆಂಡಿಗೆ 25 ಫ್ರೇಮು. ಬಿಡಿಸಲು ಬೇರೆ ಸರ್ಕ್ಯೂಟೇ ಇಲ್ಲದ ಬಡ ಪ್ರೊಸೆಸರ್ ಒಂದೇ ಹೆಣಗುತ್ತಿತ್ತು. ಹುಡುಗ ಅದನ್ನು 1080ಪಿ, ಎಚ್.264ಕ್ಕೆ ಇಳಿಸಿಕೊಟ್ಟ. ಬುದ್ಧ ಮಲಗಿದ.

‘ನಾನೂ ಅದನ್ನ ಹೇಳಿದ್ದಿಲ್ರಿ? ಫಾರ್ಮ್ಯಾಟ್ ಬದಲಾಗಬೇಕಂತ!’ ಅಂದ ಪಂಡಿತ.

ಈಗ ಅದೇ 4ಕೆ ವಿಡಿಯೊ ಹುಡುಗರ ಮೊಬೈಲಿನಲ್ಲಿ ಸರಾಗ ಓಡುತ್ತದೆ, ಬಿಡಿಸುವ ಸರ್ಕ್ಯೂಟು ಚಿಪ್ಪಿನಲ್ಲೇ ಇದೆ. ಗಲ್ಲಿಯ ಕಂಪ್ಯೂಟರುಗಳಿಗೆಲ್ಲ ಹೊದಿಕೆ ಬಿದ್ದಿದೆ. ಪಂಡಿತನನ್ನು ಕರೆಯುವವರಿಲ್ಲ. ಸಂಜೆ ಹೊತ್ತು ಬಾಗಿಲಲ್ಲಿ ನಿಂತು ತಾನೇ ಕೇಳುತ್ತಾನೆ, ‘ಕಾಕಾ, ಕಂಪ್ಯೂಟರ್ ಹ್ಯಾಂಗದರೀ?’ ಚಲೋ ಅದ ಅಂದರೆ ಮುಖ ಸಣ್ಣದಾಗುತ್ತದೆ. ಅದನ್ನು ನೋಡಲಾಗದೆ ಮೊನ್ನೆ, ‘ಒಂದೀಟು ಸಪ್ಪಳ ಮಾಡಕತ್ತದ ನೋಡಪ’ ಅಂದುಬಿಟ್ಟೆ. ಅವನ ಕೈ ಕಿಸೆಗೆ ಹೋಯಿತು. ನನ್ನಾಕೆ ಒಳಗಿನಿಂದ ಓಡಿಬಂದು ಮದುವೆಯ ಪೆನ್‌ಡ್ರೈವ್ ಎತ್ತಿಕೊಂಡು ಅಡುಗೆಮನೆ ಸೇರಿದಳು.