ಹಳದಿ ಪಿನ್ನಿನ ದರ್ಬಾರು

ಮೂಡಿಗೆರೆ ಕಡೆಯ ಒಂದು ಎಸ್ಟೇಟ್ ಬಂಗಲೆ. ಗೋಡೆಯ ಮೇಲೆ 55 ಇಂಚಿನ ಫೋರ್‌ಕೆ ಟಿವಿ. ಅದರಲ್ಲಿ ವಾರ್ತೆ ಓದುವವರ ಮುಖ ಮಾತ್ರ ಮಸುಕು, ತಟ್ಟಿದ ಅಕ್ಕಿ ರೊಟ್ಟಿಯಷ್ಟು ಅಗಲ. ಕಾರಣ ಹುಡುಕಿ ಟಿವಿಯ ಹಿಂದೆ ಇಣುಕಿದಾಗ ಮಾತಿಗೆ ಸಿಕ್ಕವರು ಹಳದಿ, ಕೆಂಪು, ಬಿಳಿ ಪಿನ್ನುಗಳ ಎವಿ ವೈರು. ಮೈಮೇಲೆ ಧೂಳು, ಮಾತಿನಲ್ಲಿ ಗತ್ತು.

ನಮಸ್ಕಾರ. ತಾವಿನ್ನೂ ಅಧಿಕಾರದಲ್ಲಿದ್ದೀರಾ?

ಇರದೆ ಎಂತ ಮಾರಾಯ್ರೇ? ನಮ್ಮ ಪಿನ್ನಿನ ವಂಶ 1930ರ ದಶಕದ್ದು, ಅಮೆರಿಕದ ಆರ್‌ಸಿಎ ಕಂಪನಿಯ ಮನೆತನ. ಹಳದಿಗೆ ಚಿತ್ರದ ಖಾತೆ, ಕೆಂಪಿಗೆ ಬಲಗಡೆಯ ಶಬ್ದ, ಬಿಳಿಗೆ ಎಡಗಡೆಯದು. ಖಾತೆ ಹಂಚಿಕೆಯಲ್ಲಿ ಇವತ್ತಿನವರೆಗೂ ಭಿನ್ನಮತ ಬಂದಿಲ್ಲ.

ಆದರೆ ಇಷ್ಟು ದೊಡ್ಡ ಟಿವಿಗೆ ನೀವು ಸಾಲುತ್ತೀರಾ?

ಎಲ್ಲಿ ಸಾಲುತ್ತೇವೆ! ಹಳದಿ ಪಿನ್ನು ತರುವುದು 576 ಗೆರೆಯ ಚಿತ್ರ. ಪೂರ್ತಿ ಎಚ್‌ಡಿಗೆ 1080 ಗೆರೆ ಬೇಕು, ಫೋರ್‌ಕೆಗೆ 2160. ಉಳಿದದ್ದನ್ನು ಟಿವಿಯೇ ಅಂದಾಜಿನ ಮೇಲೆ ತುಂಬಿಕೊಳ್ಳಬೇಕು. ಎಚ್‌ಡಿ ಏನೋ ಡಿಶ್ಶಿನಿಂದ ಸೆಟ್‌ಟಾಪ್ ಪೆಟ್ಟಿಗೆಯವರೆಗೆ ಬಂದೇ ಬರುತ್ತದೆ. ಅಲ್ಲಿಂದ ಮುಂದಕ್ಕೆ ಬಿಡದವರು ನಾವು.

ಹಾಗಾದರೆ ರಾಜೀನಾಮೆ ಕೊಡಬಾರದೇ?

ಕೇಳಿದವರು ಯಾರು? ಡಬ್ಬಾ ಟಿವಿ ಹೋಗಿ ಇದು ಬಂದಾಗ ಡಿಶ್ಶಿನ ಹುಡುಗ ಹಳೇ ವೈರನ್ನೇ ಸಿಕ್ಕಿಸಿದ. ಚಿತ್ರ ಬಂತು, ಕಾಫಿ ಕುಡಿದ, ಹೋದ. ಎಚ್‌ಡಿಎಂಐ ಅನ್ನುವವನು 2002ರ ಕೂಸು. ಚಿತ್ರ, ಶಬ್ದ ಎರಡನ್ನೂ ಒಬ್ಬನೇ ಹೊರುತ್ತಾನೆ. ಪಾಪ, ಡ್ರಾಯರಿನಲ್ಲಿ ವಾರಂಟಿ ಕಾರ್ಡಿನ ಕೆಳಗೆ ಪ್ಲಾಸ್ಟಿಕ್ ಕವರ್ ಕೂಡ ಬಿಚ್ಚದೆ ಮಲಗಿದ್ದಾನೆ. ಸಾಹುಕಾರರು ಚಿತ್ರ ಸರಿ ಇಲ್ಲ ಅಂತ ಈಗ 65 ಇಂಚಿನದಕ್ಕೆ ರೇಟು ವಿಚಾರಿಸುತ್ತಿದ್ದಾರೆ.

ತೋಟದ ಕಾರ್ಮಿಕರ ಲೈನ್ ಮನೆಗಳಲ್ಲೂ ನಿಮ್ಮದೇ ಆಡಳಿತವಂತೆ?

ಅಲ್ಲಿ ನಾವು ಹಕ್ಕಿನಿಂದ ಇದ್ದೇವೆ. ದೂರದರ್ಶನದವರು 2004ರಲ್ಲಿ ತಿಂಗಳ ಚಂದಾ ಇಲ್ಲದ ಡಿಶ್ ಶುರು ಮಾಡಿದರಲ್ಲ, ಅದರ ಹಳೇ ಪೆಟ್ಟಿಗೆಗಳಲ್ಲಿ ಹೆಚ್ಚಿನವಕ್ಕೆ ನಾವು ಬಿಟ್ಟರೆ ಗತಿಯಿಲ್ಲ. 24 ಇಂಚಿನ ಟಿವಿಯಲ್ಲಿ 576 ಗೆರೆ ಚೊಕ್ಕವಾಗಿಯೇ ಕಾಣುತ್ತದೆ. ಈಗ ಬಂಗಲೆಗೂ ಲೈನಿಗೂ ಒಂದೇ ಚಿತ್ರ. ತೋಟದಲ್ಲಿ ಸಮಾನತೆ ತಂದವರು ಯಾರೆಂದು ಬರೆಯುವಾಗ ನಮ್ಮ ಹೆಸರು ಬಿಡಬೇಡಿ. ವ್ಯತ್ಯಾಸ ಇಷ್ಟೇ, ಸಾಹುಕಾರರು ಎಚ್‌ಡಿ ಪ್ಯಾಕಿಗೆ ತಿಂಗಳು ತಿಂಗಳು ಕಟ್ಟುತ್ತಾರೆ.

ಪೇಟೆಯಲ್ಲಿ ಚಿನ್ನದ ಲೇಪದ ಎಚ್‌ಡಿಎಂಐ ತೋರಿಸುತ್ತಾರೆ. ಚಿತ್ರ ಚೆನ್ನಾಗಿ ಬರುತ್ತದೆಯೇ?

ಅದು ಡಿಜಿಟಲ್ ವ್ಯವಹಾರ. ಸಂಕೇತ ಸರಿಯಾಗಿ ತಲುಪಿದರೆ ಚಿತ್ರ ಪೂರ್ತಿ. ಎಡವಿದರೆ ಮಿಣುಕು ಚುಕ್ಕೆ, ಇಲ್ಲವೇ ಕತ್ತಲೆ. ದುಡ್ಡು ಹೆಚ್ಚು ಕೊಟ್ಟರೆ ಪರದೆಯ ಹಸಿರು ಇನ್ನಷ್ಟು ಹಸಿರಾಗುವುದಿಲ್ಲ. ಕಳಸದ ಮಳೆಗಾಲದ ತಂಡಿಗೆ ಪಿನ್ನು ಕಿಲುಬು ಹಿಡಿಯದಂತೆ ಚಿನ್ನ ಕಾದೀತು. ಅದರಿಂದ ಅಷ್ಟೇ ಉಪಕಾರ.

ಮತ್ತೆ ಏನು ನೋಡಿ ಕೊಳ್ಳಬೇಕು?

ವೇಗ ಮತ್ತು ಉದ್ದ. ಎಚ್‌ಡಿ ಪೆಟ್ಟಿಗೆಗೆ ‘ಹೈ ಸ್ಪೀಡ್’ ಎಂದಿದ್ದರೆ ಸಾಕು. ಫೋರ್‌ಕೆ ಪೂರ್ತಿ ಬೇಕಿದ್ದರೆ ‘ಪ್ರೀಮಿಯಂ ಹೈ ಸ್ಪೀಡ್’, ಸೆಕೆಂಡಿಗೆ 18 ಗಿಗಾಬಿಟ್. ಬೆಂಗಳೂರಿನ ಮಗ ರಜೆಗೆ ಬರುವಾಗ ಹೊಸ ಗೇಮ್ ಪೆಟ್ಟಿಗೆ ಹೊತ್ತು ತಂದರೆ ‘ಅಲ್ಟ್ರಾ ಹೈ ಸ್ಪೀಡ್’, 48 ಗಿಗಾಬಿಟ್. ಸೌಂಡ್‌ಬಾರನ್ನು ‘ಎಆರ್‌ಸಿ’ ಎಂದು ಬರೆದ ಪೋರ್ಟಿಗೇ ಹಾಕಿ. ಲ್ಯಾಪ್‌ಟಾಪಿನ ಟೈಪ್-ಸಿ ಪೋರ್ಟುಗಳೆಲ್ಲ ಚಿತ್ರ ಕೊಡುವುದಿಲ್ಲ, ವಿಚಾರಿಸಿಯೇ ಅಡಾಪ್ಟರ್ ತನ್ನಿ. ಎರಡು ಮೀಟರ್ ಸಾಕಾಗುವ ಕಡೆ ಹತ್ತು ಮೀಟರಿನ ಸುರುಳಿ ಬೇಡ. ಉದ್ದ ಹೆಚ್ಚಿದಂತೆ ಸಂಕೇತ ಸೊರಗುತ್ತದೆ.

ಸಿಡಿಲಿನ ಸೀಸನ್ನಿಗೆ ಏನಾದರೂ ಸಲಹೆ?

ಆ ವಿಷಯದಲ್ಲಿ ತಮಾಷೆ ಬೇಡ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಗೆ ಸ್ವಿಚ್ ಆಫ್ ಮಾಡಿದರೆ ಸಾಲದು. ಮಾಡಿನ ಮೇಲಿನ ಡಿಶ್ಶಿನಿಂದ ಪೆಟ್ಟಿಗೆಗೆ ಒಂದು ವೈರು, ಪೆಟ್ಟಿಗೆಯಿಂದ ಟಿವಿಗೆ ಇನ್ನೊಂದು. ಸಿಡಿಲಿನ ಹೊಡೆತ ಆ ದಾರಿಯಲ್ಲೂ ಇಳಿದು ಎಚ್‌ಡಿಎಂಐ ಪೋರ್ಟನ್ನು ಸುಡಬಲ್ಲದು, ಜತೆಗೆ ಬೋರ್ಡನ್ನೂ. ಮೋಡ ಕಟ್ಟುವಾಗಲೇ ಪ್ಲಗ್ಗು ಕಿತ್ತು, ಪೆಟ್ಟಿಗೆಯ ಹಿಂದಿನ ಡಿಶ್ ವೈರನ್ನು ತಿರುಪಿ ಬಿಚ್ಚಿ. ಗುಡುಗು ಶುರುವಾದ ಮೇಲೆ ಯಾವುದನ್ನೂ ಮುಟ್ಟಬೇಡಿ.

ಕೊನೆಯದಾಗಿ ಓದುಗರಿಗೆ ಒಂದು ಮಾತು?

ಇವತ್ತೇ ನಿಮ್ಮ ಟಿವಿಯ ಹಿಂದೆ ಇಣುಕಿ. ಪೆಟ್ಟಿಗೆಯಲ್ಲೂ ಟಿವಿಯಲ್ಲೂ ಎಚ್‌ಡಿಎಂಐ ಪೋರ್ಟ್ ಇದ್ದು, ಕುರ್ಚಿಯಲ್ಲಿ ಮಾತ್ರ ನಾವಿದ್ದರೆ ಮುಲಾಜಿಲ್ಲದೆ ಕೆಳಗಿಳಿಸಿ. ಹೊಸ ವೈರು ಸಿಕ್ಕಿಸಿ, ರಿಮೋಟಿನಲ್ಲಿ ಸೋರ್ಸ್ ಒತ್ತಿ ಎಚ್‌ಡಿಎಂಐ ಆರಿಸಿ, ಪೆಟ್ಟಿಗೆಯ ಸೆಟ್ಟಿಂಗಿನಲ್ಲಿ 1080 ಇಡಿ. ದೊಡ್ಡ ಟಿವಿ ಬೇಕೋ ಬೇಡವೋ ಎಂಬುದನ್ನು ಅದಾದ ಮೇಲೆ ತೀರ್ಮಾನಿಸಿ.